ಗೈರಿನ ಮರುದಿನ: ಶಾಲೆಯಿಂದ ಜಾರುತ್ತಿರುವ ನಗರದ ಮಕ್ಕಳು, ವಿನ್ಯಾಸದ ಕೆಲಸ, ಮಾರ್ಗದರ್ಶನ

(ಶಿಕ್ಷಕರು, ವಿನ್ಯಾಸಕಾರರು ಮತ್ತು ಸ್ವಯಂಸೇವಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಮೂರು ಪ್ರಶ್ನೆಗಳೂ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಮಗು ಶಾಲೆ ಬಿಟ್ಟಿತು ಎಂದು ದಾಖಲೆಯಲ್ಲಿ ಬರೆಯುವ ಹೊತ್ತಿಗೆ ಅದು ಬಿಡಲು ಶುರುಮಾಡಿ ಬಹಳ ಕಾಲವಾಗಿರುತ್ತದೆ. ಮೊದಲು ಸೋಮವಾರ ತಪ್ಪುತ್ತದೆ. ಆಮೇಲೆ ಗಣಿತದ ಪೀರಿಯಡ್ ಇರುವ ದಿನಗಳು ತಪ್ಪುತ್ತವೆ. ಬಂದ ದಿನವೂ ಕೊನೆಯ ಬೆಂಚು, ಮುಚ್ಚಿದ ಪುಸ್ತಕ. ಇಲ್ಲಿ ಕೂತಿರುವ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಮಗು ಗೈರಾದ ದಿನದ ಬಗ್ಗೆ ಶಾಲೆಗಳು ಬೇಕಾದಷ್ಟು ತಲೆ ಕೆಡಿಸಿಕೊಳ್ಳುತ್ತವೆ, ಅದು ಮರಳಿ ಬಂದ ದಿನದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೂರು ದಿನ ಬಿಟ್ಟು ಬಂದವರನ್ನು ಬಾಗಿಲಲ್ಲಿ ಏನು ಎದುರುಗೊಳ್ಳುತ್ತದೆ? ಎಲ್ಲರೆದುರು ಒಂದು ಪ್ರಶ್ನೆ, ತಡವಾಗಿದ್ದರೆ ಒಂದು ಚೀಟಿ, ಮೂರು ದಿನದ ಬಾಕಿ ಕೆಲಸ, ತಲೆಬುಡ ತಿಳಿಯದ ಪಾಠ. ಇಷ್ಟನ್ನು ಎದುರಿಸುವುದಕ್ಕಿಂತ ನಾಲ್ಕನೇ ದಿನವೂ ಮನೆಯಲ್ಲೇ ಇರುವುದು ಸುಲಭ. ಶಾಲೆಯ ಒಂದು ತೊಂದರೆಗೆ ಮಕ್ಕಳೇ ಕೈಯಾರೆ ಪರಿಹಾರ ಮಾಡುವ ವಿನ್ಯಾಸದ ತರಗತಿಯಾಗಲಿ, ಮಾರ್ಗದರ್ಶಕರಾಗಲಿ ಕೆಲಸಕ್ಕೆ ಬರುವುದು ಈ ಬಾಗಿಲನ್ನು ದಾಟಿಸಿದಾಗ. ಉಳಿದದ್ದೆಲ್ಲ ಫೋಟೋಕ್ಕೆ ಚೆನ್ನಾಗಿರುತ್ತದೆ, ಅಷ್ಟೆ.

ಮೊದಲು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ. ಅಮೆರಿಕದ ಫಿಲಡೆಲ್ಫಿಯಾ ನಗರದ ಶಾಲೆಗಳ ಮಕ್ಕಳನ್ನು ಆರನೇ ತರಗತಿಯಿಂದ ಹಿಂಬಾಲಿಸಿದ ಸಂಶೋಧನೆಯೊಂದನ್ನು ರಾಬರ್ಟ್ ಬಾಲ್ಫಾಂಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಶೇ. 80ಕ್ಕಿಂತ ಕಡಿಮೆ ಹಾಜರಿ, ಕೆಟ್ಟ ನಡವಳಿಕೆಯ ದಾಖಲೆ, ಗಣಿತದಲ್ಲಿ ಅಥವಾ ಭಾಷೆಯಲ್ಲಿ ಫೇಲು, ಇವುಗಳಲ್ಲಿ ಯಾವುದೋ ಒಂದು ಆರನೇ ತರಗತಿಯಲ್ಲೇ ಕಂಡ ಮಕ್ಕಳಲ್ಲಿ ಬಹುಪಾಲು ಮಂದಿ ಹೈಸ್ಕೂಲನ್ನು ಹೊತ್ತಿಗೆ ಸರಿಯಾಗಿ ಮುಗಿಸಲಿಲ್ಲ. ಷಿಕಾಗೋದ ಸಂಶೋಧಕರು 2005ರಲ್ಲಿ ಒಂಬತ್ತನೇ ತರಗತಿಯನ್ನು ನೋಡಿದರು. ಮುಂದಿನ ತರಗತಿಗೆ ಬೇಕಾದಷ್ಟು ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಹೆಚ್ಚು ಸೆಮಿಸ್ಟರ್ ಫೇಲಾಗದವರು ಹೈಸ್ಕೂಲು ಮುಗಿಸುವ ಸಾಧ್ಯತೆ ಉಳಿದವರದಕ್ಕಿಂತ ಮೂರೂವರೆ ಪಟ್ಟು. ಹಿಂದಿನ ಪರೀಕ್ಷೆಯ ಅಂಕಗಳಿಗಿಂತ ಈ ಸರಳ ಲೆಕ್ಕವೇ ಹೆಚ್ಚು ಸರಿಯಾಗಿ ಮುಂದಿನದನ್ನು ಹೇಳಿತು. ಅಂದರೆ ಬೇಕಾದ ಮಾಹಿತಿಯೆಲ್ಲ ಶಾಲೆಯ ಬೀರುವಿನಲ್ಲೇ ಇದೆ. ಹೊಸ ಸಮೀಕ್ಷೆ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ.

ಹಾಗಾದರೆ ಮಾಡಬೇಕಾದ್ದೇನು? ವಾರಕ್ಕೊಮ್ಮೆ, ಅರ್ಧ ಗಂಟೆ, ನಾಲ್ಕು ಜನ ಕೂತು ಹಾಜರಿ ಪುಸ್ತಕ ನೋಡುವುದು. ಶೇ. 10ರಷ್ಟು ದಿನ ತಪ್ಪಿದವರ ಹೆಸರು ಪಟ್ಟಿಗೆ ಬರಬೇಕು. ವರ್ಷಕ್ಕೆ 180 ದಿನ ಶಾಲೆ ನಡೆಯುವಲ್ಲಿ ಅದು 18 ದಿನ, ಆದರೆ 18 ಆಗುವ ತನಕ ಕಾಯುವಂತಿಲ್ಲ. ಮೊದಲ ತಿಂಗಳಲ್ಲಿ 20 ದಿನಕ್ಕೆ 2 ದಿನ ತಪ್ಪಿದರೆ ಅದೂ ಶೇ. 10 ಆಯಿತು. ಪ್ರತಿ ಹೆಸರಿನ ಮುಂದೆ ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ದಿನಾಂಕ. ಇಲ್ಲಿ ಮಾಮೂಲಾಗಿ ಕೆಡುವುದು ಹೀಗೆ: ಪಟ್ಟಿ ಉದ್ದವಾಗುತ್ತದೆ, ಎಲ್ಲ ಹೆಸರುಗಳ ಮುಂದೆಯೂ ‘ಆಪ್ತ ಸಮಾಲೋಚನೆ’ ಎಂದು ಬರೆಯಲಾಗುತ್ತದೆ, ಮುಂದಿನ ವಾರ ಅದೇ ಪಟ್ಟಿ ಮತ್ತೆ ಬರುತ್ತದೆ. ಹತ್ತು ಹೆಸರುಗಳಿಗೆ ನಿಜವಾದ ಕೆಲಸ ಹಂಚುವುದು ಅರವತ್ತು ಹೆಸರು ಓದುವುದಕ್ಕಿಂತ ಮೇಲು.

ಗೈರಿಗೆ ಕಾರಣಗಳು ಬೇರೆ ಬೇರೆ. ದುಡಿಯಲು ಹೋಗುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ದಾರಿಯಲ್ಲಿ ಭಯ, ಆಗಾಗ ಮನೆ ಬದಲಾಯಿಸುವುದು, ಕಾಯಿಲೆ. ಇವು ಯಾವುವೂ ವಿನ್ಯಾಸದ ತರಗತಿಯಲ್ಲಿ ರಟ್ಟು ಕತ್ತರಿಸುವುದರಿಂದ ಪರಿಹಾರವಾಗುವುದಿಲ್ಲ. ಮೂರರಲ್ಲೊಂದು ದಿನ ಶಾಲೆಗೇ ಬಾರದ ಮಗುವಿಗೆ ಬೇಕಾದದ್ದು ಮನೆಭೇಟಿ ಮತ್ತು ಸಾಮಾಜಿಕ ಸೇವೆಯ ನೆರವು. ನಾವು ಹೇಳುವ ವಿಧಾನ ನಾಟುವುದು ನಡುವಿನವರಿಗೆ, ಶೇ. 10ರಿಂದ 20ರಷ್ಟು ತಪ್ಪಿಸುತ್ತಿರುವ, ಬಂದಾಗಲೂ ಮನಸ್ಸಿಲ್ಲದ ಮಕ್ಕಳಿಗೆ. ಇವರಲ್ಲಿ ಅನೇಕರು ಓದುವುದರಲ್ಲಿ ಹಿಂದೆ ಬಿದ್ದು ಅದನ್ನು ಮುಚ್ಚಿಟ್ಟುಕೊಂಡಿರುತ್ತಾರೆ. ತರಲೆ ಮಾಡಿ ಹೊರಗೆ ಕಳಿಸಿಕೊಳ್ಳುವುದು, ಎದ್ದು ನಿಂತು ಓದಿ ತಡವರಿಸುವುದಕ್ಕಿಂತ ಅವರಿಗೆ ಕಡಿಮೆ ಅವಮಾನದ್ದು.

ಇನ್ನು ವಿನ್ಯಾಸದ ತರಗತಿ. ಇದು ಚಿತ್ರಕಲೆಯ ಪೀರಿಯಡ್ ಅಲ್ಲ, ಗೋಡೆಗೆ ಬಣ್ಣದ ಚೀಟಿ ಅಂಟಿಸುವ ಕಾರ್ಯಾಗಾರವೂ ಅಲ್ಲ. ಶಾಲೆಯೊಳಗಿನ ಒಂದು ನಿಜವಾದ ತೊಂದರೆಯನ್ನು ಅಳೆದು, ಬರೆದು, ಮಾಡಿ, ಮುರಿದು, ಮತ್ತೆ ಮಾಡುವುದು. ಕೈತೊಳೆಯುವಲ್ಲಿ ನೂಕುನುಗ್ಗಲು, ಚೀಲ ಇಡಲು ಜಾಗವಿಲ್ಲದ ಕೋಣೆ, ಸಣ್ಣ ಮಕ್ಕಳ ಕಾಲು ನೆಲಕ್ಕೆ ತಾಗದ ಕುರ್ಚಿ. ಇಂಥವು ಸಾಕು. ‘ನಗರದ ಸಂಚಾರ ಸಮಸ್ಯೆ’ಯಂಥವನ್ನು ದಯವಿಟ್ಟು ಕೊಡಬೇಡಿ. ಹನ್ನೆರಡು ವಾರಗಳ ಕೊನೆಗೆ ಅದರಿಂದ ಸಿಗುವುದು ಒಂದು ಪೋಸ್ಟರ್ ಮಾತ್ರ.

ಉದಾಹರಣೆಗೆ ಗ್ರಂಥಾಲಯದ ಮೂಲೆಗೆ ರಟ್ಟಿನ ಆಸನ ಮಾಡುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಮೊದಲ ತರಗತಿಯಲ್ಲಿ ಪಾಠವಿಲ್ಲ, ಅಳತೆ. ಅಲ್ಲಿ ಕೂರುವ ಹನ್ನೆರಡು ಚಿಕ್ಕ ಮಕ್ಕಳನ್ನು ಪಾದ ನೆಲಕ್ಕೆ ಪೂರ್ತಿ ಊರುವಂತೆ ಕೂರಿಸಿ, ನೆಲದಿಂದ ಮಂಡಿಯ ಹಿಂಭಾಗದವರೆಗಿನ ಎತ್ತರ ತೆಗೆಯುವುದು. ಹನ್ನೆರಡು ಸಂಖ್ಯೆಗಳು ಬಂದವು. ಸರಾಸರಿಗೆ ಆಸನ ಮಾಡೋಣವೇ? ಮಾಡಿದರೆ ಸುಮಾರು ಅರ್ಧದಷ್ಟು ಮಕ್ಕಳ ಕಾಲು ತೂಗಾಡುತ್ತದೆ. ಗಿಡ್ಡ ಮಕ್ಕಳ ಕಡೆಯ ಸಂಖ್ಯೆ ಹಿಡಿದರೆ ಎತ್ತರದವರು ಸ್ವಲ್ಪ ಮಂಡಿ ಮಡಚಬೇಕು, ಆದರೆ ಯಾರ ಕಾಲೂ ಜೋಲುವುದಿಲ್ಲ. ಸರಾಸರಿ, ಮಧ್ಯಾಂಕ, ವ್ಯಾಪ್ತಿ ಎಲ್ಲವೂ ಇಲ್ಲೇ ಬಂದವು, ಯಾರೂ ಪುಸ್ತಕ ತೆರೆಯದೆ. ಗಣಿತದ ಮೇಷ್ಟ್ರು ಈ ಹಾಳೆಗೆ ಅಂಕ ಕೊಡಬೇಕು. ಕೊಡುವುದಿಲ್ಲ ಎಂದಾದರೆ ಮಕ್ಕಳು ಇದನ್ನು ಆಟವೆಂದೇ ಎಣಿಸುತ್ತಾರೆ, ಮತ್ತು ಅವರು ಹಾಗೆ ಎಣಿಸುವುದು ಸರಿಯೂ ಹೌದು.

ಆಮೇಲೆ ಒಂದಕ್ಕೆ ಹತ್ತರ ಪ್ರಮಾಣದಲ್ಲಿ ಚಿತ್ರ, ಅದರಂತೆ ತೆಳು ರಟ್ಟಿನ ಪುಟ್ಟ ಮಾದರಿ, ನಂತರ ಐದು ಪದರದ ದಪ್ಪ ರಟ್ಟಿನಲ್ಲಿ ನಿಜ ಗಾತ್ರ. ಈ ರಟ್ಟಿನ ದಪ್ಪ ಸಾಮಾನ್ಯವಾಗಿ 6ರಿಂದ 7 ಮಿಲಿಮೀಟರ್. ಎರಡು ಹಲಗೆಗಳಿಗೆ ಅರ್ಧ ಎತ್ತರದವರೆಗೆ ಸೀಳು ಕೊಟ್ಟು ಒಂದಕ್ಕೊಂದು ಅಡ್ಡಡ್ಡ ಸಿಕ್ಕಿಸಿದರೆ ಕಾಲು ತಯಾರು. ಕೆಡುವ ಜಾಗ ಎರಡು. ಒಂದು, ರಟ್ಟಿನೊಳಗಿನ ಅಲೆಗಳ ದಿಕ್ಕು. ಅವು ನೆಟ್ಟಗೆ ಮೇಲಿಂದ ಕೆಳಕ್ಕೆ ಇರಬೇಕು, ಅಡ್ಡಲಾಗಿದ್ದರೆ ಮೊದಲ ಸಲ ಕೂತಾಗಲೇ ಮಡಚಿಕೊಳ್ಳುತ್ತದೆ. ಎರಡು, ಸೀಳಿನ ಅಗಲ. ಅಗಲವಾದರೆ ಅಲ್ಲಾಡುತ್ತದೆ, ಬಿಗಿಯಾದರೆ ಅಂಚು ಜಜ್ಜಿಹೋಗಿ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಒಂದು ಚೂರು ರಟ್ಟಿನಲ್ಲಿ 5.5, 6, 6.5, 7 ಮಿಲಿಮೀಟರ್ ಹೀಗೆ ನಾಲ್ಕು ಸೀಳು ಹಾಕಿ, ಯಾವುದು ಕೈಯೊತ್ತಿಗೆ ಜಾರಿ ನಿಲ್ಲುತ್ತದೋ ಅದನ್ನು ಆರಿಸಿಕೊಳ್ಳುವುದು. ತೂಕದ ಪರೀಕ್ಷೆ ಪುಸ್ತಕಗಳಿಂದ: ಹತ್ತು ಕಿಲೋ, ಇಪ್ಪತ್ತು, ಮೂವತ್ತು, ಹೀಗೆ ಕೂರುವವರ ತೂಕವನ್ನು ದಾಟುವ ತನಕ. ಮನುಷ್ಯರು ಕೂರುವುದು ಅದಾದ ಮೇಲೆ, ಅದೂ ಪಕ್ಕದ ಮೇಜಿನ ಮೇಲೆ ಕೈಯೂರಿಕೊಂಡು.

ಬೇಕಂತಲೇ ಅಲೆಯ ದಿಕ್ಕಿನ ಗುಟ್ಟನ್ನು ಮೊದಲೇ ಹೇಳಬೇಡಿ. ಒಂದು ಗುಂಪಿನದಾದರೂ ಕುಸಿಯಲಿ. ಕುಸಿದದ್ದು ರಟ್ಟು, ಹುಡುಗನಲ್ಲ. ಯಾಕೆ ಕುಸಿಯಿತು ಎಂಬುದು ಮುರಿದ ಜಾಗದಲ್ಲೇ ಕಾಣುತ್ತದೆ, ನಲವತ್ತು ನಿಮಿಷದಲ್ಲಿ ಇನ್ನೊಂದು ಮಾಡಬಹುದು. ವರ್ಷಗಟ್ಟಲೆ ಕೆಂಪು ಶಾಯಿಯ ಅಂಕಗಳನ್ನಷ್ಟೇ ಕಂಡ ಮಗುವಿಗೆ ಸೋಲಿನ ಈ ಬಗೆ ಹೊಸದು.

ಕಟ್ಟರ್ ಬಗ್ಗೆ ಎರಡು ಮಾತು. ಉಕ್ಕಿನ ಸ್ಕೇಲು ಮಾತ್ರ, ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಹತ್ತಿ ಬೆರಳಿಗೆ ಬರುತ್ತದೆ. ಒಂದೇ ಸಲ ಒತ್ತಿ ಕೊಯ್ಯದೆ ಮೂರು ನಾಲ್ಕು ಹಗುರ ಎಳೆತ. ರಟ್ಟು ಹರಿಯತೊಡಗಿದರೆ ಬ್ಲೇಡು ಮೊಂಡಾಗಿದೆ ಎಂದರ್ಥ, ಮೊಂಡು ಬ್ಲೇಡೇ ಹೆಚ್ಚು ಅಪಾಯ. ಕಟ್ಟರ್‌ಗಳಿಗೆ ನಂಬರು ಹಾಕಿ, ಕೊಡುವಾಗ ಎಣಿಸಿ, ವಾಪಸಾದ ಮೇಲೆ ಎಣಿಸಿ, ಆಮೇಲೆಯೇ ಬಾಗಿಲು ತೆರೆಯುವುದು. ಶಾಲೆ ಕಟ್ಟರ್ ಬೇಡವೆಂದರೆ ವಾದಕ್ಕಿಳಿಯಬೇಡಿ, ರಟ್ಟಿಗೆಂದೇ ಇರುವ ಪ್ಲಾಸ್ಟಿಕ್ ಹಲ್ಲಿನ ಗರಗಸ ಸಿಗುತ್ತದೆ. ಗ್ಲೂ ಗನ್ ಕಡಿಮೆ ಬಿಸಿಯದ್ದೇ ಇರಲಿ, ಅದೂ ಸುಡುತ್ತದೆ.

ಒಂದೂವರೆ ಗಂಟೆಯ ತರಗತಿಯನ್ನು ಹಂಚುವ ಬಗೆ ಇದು: ಹತ್ತು ನಿಮಿಷ ಮಾತು, ಐವತ್ತು ನಿಮಿಷ ಕೆಲಸ, ಹದಿನೈದು ನಿಮಿಷ ವಿಮರ್ಶೆ, ಕೊನೆಯ ಹದಿನೈದು ನಿಮಿಷ ಜೋಡಿಸಿಡುವುದಕ್ಕೆ ಮತ್ತು ಒಂದು ಚೀಟಿಗೆ. ಈ ಚೀಟಿಯೇ ನಮ್ಮ ಕಸುಬಿನ ಜೀವ. ಪ್ರತಿಯೊಬ್ಬರೂ ತಮ್ಮ ಕೆಲಸದ ಮೇಲೆ ಒಂದು ಸಾಲು ಬರೆದು ಅಂಟಿಸುತ್ತಾರೆ: ‘ಮುಂದಿನ ಸಲ ಮೊದಲು ಮಾಡಬೇಕಾದ್ದು, ಎಡ ಹಲಗೆಯ ಸೀಳನ್ನು ಅರ್ಧ ಮಿಲಿಮೀಟರ್ ಹಿಗ್ಗಿಸುವುದು.’ ನಡುವೆ ಎರಡು ತರಗತಿ ತಪ್ಪಿದರೂ ಮರಳಿದಾಗ ಯಾರನ್ನೂ ಕೇಳದೆ, ಯಾರಿಗೂ ಸಮಜಾಯಿಷಿ ಕೊಡದೆ ಕೈ ಹಾಕಲು ಒಂದು ಕೆಲಸ ಕಾದಿರುತ್ತದೆ. ಅದಕ್ಕೆ ಕಪಾಟು ಬೇಕು, ಹೆಸರು ಬರೆದ ಜಾಗ ಬೇಕು. ಅರ್ಧ ಮುಗಿದ ರಟ್ಟಿನ ಕೆಲಸ ನೋಡುವವರಿಗೆ ಕಸದಂತೆಯೇ ಕಾಣುತ್ತದೆ, ಒಂದು ಸಂಜೆ ಗುಡಿಸುವಾಗ ಹೊರಟುಹೋಗುತ್ತದೆ. ಗುಡಿಸುವವರೊಂದಿಗೆ ಮೊದಲ ದಿನವೇ ಮಾತಾಡಿ, ‘ಎಸೆಯಬೇಡಿ’ ಎಂದು ದೊಡ್ಡದಾಗಿ ಬರೆಯಿರಿ. ಹೀಗೆ ಒಮ್ಮೆ ಕಳೆದುಕೊಂಡ ಮಗು ಮತ್ತೆ ಬರದಿದ್ದರೆ ತಪ್ಪು ಮಗುವಿನದಲ್ಲ.

ಗುಂಪಿನಲ್ಲಿ ಮೂವರು. ಇಬ್ಬರಿದ್ದರೆ ಒಬ್ಬರು ಬರದ ದಿನ ಕೆಲಸವೇ ನಿಲ್ಲುತ್ತದೆ, ನಾಲ್ವರಾದರೆ ಒಬ್ಬರು ಕೈಕಟ್ಟಿ ಕೂರುತ್ತಾರೆ. ಒಟ್ಟು ತರಗತಿಯಲ್ಲಿ ಹನ್ನೆರಡರಿಂದ ಹದಿನೈದು ಮಕ್ಕಳು ಸಾಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ: ‘ಕೈಮೀರುತ್ತಿರುವ’ ಮಕ್ಕಳನ್ನೇ ಆರಿಸಿ ಒಂದು ಕೋಣೆಯಲ್ಲಿ ಕೂರಿಸಬೇಡಿ. ಥಾಮಸ್ ಡಿಶಿಯನ್, ಜೋನ್ ಮೆಕ್‌ಕಾರ್ಡ್ ಮತ್ತು ಫ್ರಾಂಸ್ವಾ ಪುಲಾ 1999ರಲ್ಲಿ ಬರೆದ ಪ್ರಬಂಧವೊಂದು ಇದನ್ನೇ ಎಚ್ಚರಿಸುತ್ತದೆ. ತೊಂದರೆಯಲ್ಲಿರುವ ಹದಿಹರೆಯದವರನ್ನು ಗುಂಪಾಗಿ ಸೇರಿಸಿ ಮಾಡಿದ ಒಳ್ಳೆಯ ಉದ್ದೇಶದ ಕಾರ್ಯಕ್ರಮಗಳಲ್ಲಿ ಕೆಲವು ಮಕ್ಕಳ ನಡವಳಿಕೆ ಇನ್ನಷ್ಟು ಕೆಟ್ಟಿತು, ಏಕೆಂದರೆ ಪುಂಡಾಟಕ್ಕೆ ನಗುವ ಪ್ರೇಕ್ಷಕರು ಅಲ್ಲೇ ಸಿಕ್ಕರು. ಗೈರಿನ ಪಟ್ಟಿಯಿಂದ ಬಂದವರು ಅರ್ಧಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ. ಉಳಿದವರು ಇಷ್ಟಪಟ್ಟು ಸೇರಿದವರಾಗಿರಲಿ. ಯಾರು ಯಾವ ಬಾಗಿಲಿಂದ ಬಂದರೆಂಬುದು ಕೋಣೆಯೊಳಗೆ ಗೊತ್ತಾಗಬಾರದು.

ಕೆಲಸ ಶುರುವಾಗುವ ಮುಂಚೆ ಮುಖ್ಯೋಪಾಧ್ಯಾಯರಿಂದ ಒಂದು ಪುಟ ಬರೆಸಿಕೊಳ್ಳಿ: ಮಕ್ಕಳು ಮಾಡಿದ್ದರಲ್ಲಿ ಕನಿಷ್ಠ ಒಂದು ವಸ್ತು ಶಾಲೆಯಲ್ಲಿ ಬಳಕೆಗೆ ಬರುತ್ತದೆ, ಖರ್ಚಿನ ಮಿತಿ ಇಷ್ಟು, ಜೋಡಿಸುವವರು ಇವರು, ದಿನಾಂಕ ಇದು. ಈ ಪುಟವಿಲ್ಲದಿದ್ದರೆ ಪ್ರದರ್ಶನದ ದಿನ ಚಪ್ಪಾಳೆ ಬೀಳುತ್ತದೆ, ಆಸನ ಉಗ್ರಾಣ ಸೇರುತ್ತದೆ. ದೊಡ್ಡವರ ಮಾತು ನಂಬಬಾರದೆಂದು ಮಕ್ಕಳಿಗೆ ಇನ್ನೊಂದು ಪುರಾವೆ ಸಿಕ್ಕಂತಾಗುತ್ತದೆ. ಹಾಗೆಯೇ, ಅಂಕ ಕಡಿಮೆಯಾದದ್ದಕ್ಕೆ ಶಿಕ್ಷೆಯಾಗಿ ಈ ತರಗತಿಯನ್ನು ಕಿತ್ತುಕೊಳ್ಳುವುದಿಲ್ಲ ಎಂಬುದೂ ಆ ಪುಟದಲ್ಲಿರಲಿ. ಯಾರಿಗೆ ಅದು ಹೆಚ್ಚು ಬೇಕೋ ಅವರಿಂದಲೇ ಮೊದಲು ಕಿತ್ತುಕೊಳ್ಳುವುದು ನಡೆದುಬಂದ ಪದ್ಧತಿ.

ಮಾರ್ಗದರ್ಶಕರ ವಿಷಯಕ್ಕೆ ಬರುತ್ತೇವೆ. ವೃತ್ತಿಯಲ್ಲಿರುವವರನ್ನು ಹೈಸ್ಕೂಲು ಮಕ್ಕಳ ಜೊತೆ ಕೂರಿಸುವುದು ಹೊಸದೇನಲ್ಲ. ಕಟ್ಟಡ ವಿನ್ಯಾಸ, ನಿರ್ಮಾಣ, ಎಂಜಿನಿಯರಿಂಗ್ ಕ್ಷೇತ್ರದವರು ಮಕ್ಕಳಿಗೆ ಮಾರ್ಗದರ್ಶನ ಮಾಡಲೆಂದು ಚಾರ್ಲ್ಸ್ ಥಾರ್ನ್‌ಟನ್ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ‘ಏಸ್ ಮೆಂಟರ್’ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಆದರೆ ಎರಡು ಬಗೆಯ ಮಾರ್ಗದರ್ಶಕರನ್ನು ಗೊಂದಲ ಮಾಡಿಕೊಳ್ಳಬಾರದು. ಕೆಲಸ ಕಲಿಸುವವರು ಒಬ್ಬರು, ಹಾಜರಿ ಮತ್ತು ಅಂಕಗಳ ಬೆನ್ನು ಹತ್ತುವವರು ಇನ್ನೊಬ್ಬರು.

ಕೆಲಸ ಕಲಿಸುವವರಿಗೆ ಒಂದೇ ನಿಯಮ, ಪಾಲಿಸುವುದು ಮಾತ್ರ ಕಷ್ಟ: ಮಗುವಿನ ಚಿತ್ರದ ಮೇಲೆ ನಿಮ್ಮ ಪೆನ್ಸಿಲ್ ಬೀಳಬಾರದು. ತೋರಿಸಲೇಬೇಕೆಂದರೆ ಬೇರೆ ಹಾಳೆಯಲ್ಲಿ ಬರೆದು ತೋರಿಸಿ. ಪಳಗಿದ ಕೈ ಎರಡು ಗೆರೆ ಎಳೆದ ಕೂಡಲೇ ಅದು ನಿಮ್ಮ ಕೆಲಸವಾಯಿತು, ಮಗುವಿಗೆ ಮರಳಿ ಬರಲು ಕಾರಣವೇ ಉಳಿಯಲಿಲ್ಲ. ವಿಮರ್ಶೆಯಲ್ಲಿ ಸುಳ್ಳು ಹೊಗಳಿಕೆಯೂ ಬೇಡ, ಈ ಮಕ್ಕಳು ಅದನ್ನು ದೂರದಿಂದಲೇ ವಾಸನೆ ಹಿಡಿಯುತ್ತಾರೆ. ನಿಲ್ಲುವಂಥ ಮಾತು ಇದು: ‘ಇದರ ಮಟ್ಟ ಇನ್ನೂ ಮೇಲಿರಬೇಕು, ನಿನ್ನಿಂದ ಆಗುತ್ತದೆ ಅನ್ನಿಸಿದ್ದಕ್ಕೇ ಹೇಳುತ್ತಿದ್ದೇನೆ, ಮೊದಲು ಈ ಮೂಲೆ ನೋಡು.’ ಕಟ್ಟುನಿಟ್ಟಿನ ಮಟ್ಟ, ಅದನ್ನು ಮುಟ್ಟಬಲ್ಲೆ ಎಂಬ ಭರವಸೆ, ಕೈಗೆ ಸಿಗುವ ಒಂದು ಹೆಜ್ಜೆ, ಮೂರೂ ಒಟ್ಟಿಗಿರಬೇಕು.

ಎರಡನೆಯ ಬಗೆಗೆ ಒಳ್ಳೆಯ ಮಾದರಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಆರಂಭವಾದ ‘ಚೆಕ್ ಆ್ಯಂಡ್ ಕನೆಕ್ಟ್’. ಮಾರ್ಗದರ್ಶಕರು ಕನಿಷ್ಠ ಎರಡು ವರ್ಷ ಒಪ್ಪಿಕೊಳ್ಳಬೇಕು, ಮಗು ಶಾಲೆ ಬದಲಾಯಿಸಿದರೂ ಹಿಂದೆ ಹೋಗಬೇಕು. ಹಾಜರಿ, ನಡವಳಿಕೆ, ಅಂಕ ಇವನ್ನು ನಿಯಮಿತವಾಗಿ ನೋಡಿ ಮಗುವಿನ ಮುಂದೆಯೇ ಇಟ್ಟು ಮಾತಾಡಬೇಕು. ತೊಂದರೆ ಬಂದಾಗ ಐದು ಹೆಜ್ಜೆ: ನಿಂತು ಯೋಚಿಸು, ದಾರಿಗಳೇನಿವೆ ನೋಡು, ಒಂದನ್ನು ಆರಿಸು, ಮಾಡು, ಏನಾಯಿತೆಂದು ನೋಡು. ಮಾತುಕತೆ ವಾರಕ್ಕೆ ಹದಿನೈದು ನಿಮಿಷ ಇರಲಿ. ಇಪ್ಪತ್ತು ಮಕ್ಕಳೆಂದರೆ ಬರೀ ಮಾತಿಗೇ ಐದು ಗಂಟೆ, ಮನೆಗೆ ಫೋನು, ಶಿಕ್ಷಕರೊಂದಿಗೆ ಚರ್ಚೆ, ಬರವಣಿಗೆ ಸೇರಿದರೆ ಅದರ ಮೂರು ಪಟ್ಟು. ಹಾಗಾಗಿ ಪೂರ್ತಿ ಪಾಠದ ಹೊರೆಯಿರುವ ಶಿಕ್ಷಕರಿಗೆ ಇಪ್ಪತ್ತು ಮಕ್ಕಳನ್ನು ‘ದತ್ತು’ ಕೊಡುವುದು ಕಾಗದದ ಮೇಲಿನ ಮಾರ್ಗದರ್ಶನ.

ಗೈರಿನ ಮರುದಿನದ ಕೆಲಸ ಈ ಎರಡನೆಯವರದು. ಮಗು ಬಂದ ದಿನ ಮೊದಲ ಪೀರಿಯಡ್‌ಗೆ ಮುಂಚೆ ಹತ್ತು ನಿಮಿಷ. ಮೊದಲ ಮಾತು ‘ಬಂದೆಯಲ್ಲ, ಒಳ್ಳೇದಾಯ್ತು’, ‘ಎಲ್ಲಿ ಹೋಗಿದ್ದೆ’ ಎಂಬುದಲ್ಲ. ಕಾರಣ ಕೇಳುವುದಿದ್ದರೆ ಆಮೇಲೆ, ಒಬ್ಬರೇ ಇರುವಾಗ. ಕೈಯಲ್ಲಿ ಒಂದು ಹಾಳೆ: ತಪ್ಪಿದ ಪಾಠಗಳಲ್ಲಿ ಮುಂದಿನದಕ್ಕೆ ಬೇಕೇ ಬೇಕಾದ ಎರಡು, ಮಾಡಲೇಬೇಕಾದ ಅಸೈನ್‌ಮೆಂಟ್ ಎರಡು, ಉಳಿದದ್ದು ಮಾಫಿ. ಯಾವುದು ಬೇಕು, ಯಾವುದು ಬೇಡ ಎಂದು ವಿಷಯ ಶಿಕ್ಷಕರು ಮುಂಚಿನ ಸಂಜೆಯೇ ಗುರುತು ಹಾಕಿಕೊಟ್ಟಿರಬೇಕು. ಜಗಳ ಬರುವುದು ಇಲ್ಲಿಯೇ. ‘ಬಂದವರೆಲ್ಲ ಎಂಟು ಮಾಡಿದ್ದಾರೆ, ಇವನಿಗೇಕೆ ಎರಡು?’ ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟೇ: ಎಂಟು ಕೊಟ್ಟರೆ ಸೊನ್ನೆ ಬರುತ್ತದೆ.

ಮನೆಗೆ ಕಳಿಸುವ ಪತ್ರದಲ್ಲಿ ಬೆದರಿಕೆಗಿಂತ ಸಂಖ್ಯೆ ಕೆಲಸ ಮಾಡುತ್ತದೆ. ಫಿಲಡೆಲ್ಫಿಯಾದಲ್ಲೇ ಟಾಡ್ ರಾಜರ್ಸ್ ಮತ್ತು ಅವಿ ಫೆಲ್ಲರ್ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಗು ಒಟ್ಟು ಎಷ್ಟು ದಿನ ತಪ್ಪಿದೆ ಎಂದು ಅಂಚೆಯಲ್ಲಿ ತಿಳಿಸಿದ್ದಕ್ಕೇ ತೀರಾ ಹೆಚ್ಚು ದಿನ ಗೈರಾಗುವವರ ಸಂಖ್ಯೆ ಶೇ. 10ರಷ್ಟು ಇಳಿಯಿತು. ಮನೆಯವರು ತಮ್ಮ ಮಗುವಿನ ಗೈರನ್ನು ನಿಜಕ್ಕಿಂತ ಎಷ್ಟೋ ಕಡಿಮೆ ಎಂದೇ ನಂಬಿರುತ್ತಾರೆ.

ಫಲ ಸಿಕ್ಕಿತೋ ಇಲ್ಲವೋ ನೋಡುವುದು ಹೇಗೆ? ಮಕ್ಕಳ ನಗುಮುಖ ಲೆಕ್ಕಕ್ಕಿಲ್ಲ. ವಿನ್ಯಾಸದ ತರಗತಿ ಇರುವ ದಿನದ ಹಾಜರಿ ಒಂದು ಸಾಲಿನಲ್ಲಿ, ಇಲ್ಲದ ದಿನದ್ದು ಇನ್ನೊಂದು ಸಾಲಿನಲ್ಲಿ. ಮೊದಲನೆಯದು ಏರಿ ಎರಡನೆಯದು ಏರದಿದ್ದರೆ ನೀವು ಶಾಲೆಯೊಳಗೆ ಒಂದು ದ್ವೀಪ ಕಟ್ಟಿದ್ದೀರಿ. ತರಗತಿ ಮುಗಿದ ಮೇಲಿನ ಪೀರಿಯಡ್‌ನಲ್ಲಿ ಎಷ್ಟು ಜನ ಉಳಿದರು ಎಂಬುದನ್ನೂ ನೋಡಿ. ಅರ್ಜಿ ಹಾಕಿದವರು ಹೆಚ್ಚಾದರೆ ಚೀಟಿ ಎತ್ತಿ ಆರಿಸಿ, ಸಿಗದವರ ಹಾಜರಿಯೊಂದಿಗೆ ಹೋಲಿಸಿ. ಅದಕ್ಕಿಂತ ಪ್ರಾಮಾಣಿಕ ಅಳತೆ ಸುಲಭಕ್ಕೆ ಸಿಗದು.

ಸಭಿಕರ ಪ್ರಶ್ನೆಗಳು

ವಿನ್ಯಾಸವೇ ಯಾಕೆ? ಸಂಗೀತ, ಕ್ರೀಡೆ ಆಗಬಾರದೇ?

ಖಂಡಿತ ಆಗಬಹುದು. ವಿನ್ಯಾಸಕ್ಕೆ ಇರುವ ಒಂದು ಅನುಕೂಲವೆಂದರೆ ಗಣಿತ, ಬರವಣಿಗೆ, ವಿಜ್ಞಾನದ ಅಂಕಗಳಿಗೆ ನೇರ ದಾರಿಯಿದೆ. ಕ್ರೀಡೆಯಲ್ಲಿ ಆಯ್ಕೆಯಾಗದವರ ಸಂಖ್ಯೆಯೇ ದೊಡ್ಡದು, ಅದನ್ನೂ ಗಮನಿಸಿ.

ಸ್ವಯಂಸೇವಕರನ್ನು ಮಕ್ಕಳ ಜೊತೆ ಬಿಡುವುದು ಸುರಕ್ಷಿತವೇ?

ಹಿನ್ನೆಲೆ ಪರಿಶೀಲನೆಯಾಗದೆ ಯಾರೂ ಒಳಗೆ ಬರಬಾರದು. ಮಾತುಕತೆ ಹೊರಗಿನವರಿಗೆ ಕಾಣುವ ಜಾಗದಲ್ಲಿ. ಖಾಸಗಿ ಫೋನಿನಲ್ಲಿ ಸಂದೇಶ ಬೇಡ, ಶಾಲೆಯ ನಂಬರಿನಿಂದ ಮಾತ್ರ. ಮಗು ಹೇಳಿದ ಯಾವ ಸಂಗತಿಗಳನ್ನು ಗುಟ್ಟಾಗಿ ಇಡಲಾಗುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಹೇಳಿಬಿಡಬೇಕು.

ಮಾರ್ಗದರ್ಶಕರು ವರ್ಷದ ನಡುವೆ ಬಿಟ್ಟುಹೋಗಬೇಕಾಗಿ ಬಂದರೆ?

ಇದು ನಿಜಕ್ಕೂ ಹಾನಿ ಮಾಡಬಲ್ಲದು. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷಕ್ಕೂ ಮೀರಿ ನಡೆದ ಜೋಡಿಗಳಿಂದ ಹೆಚ್ಚು ಲಾಭವಾಯಿತು, ಮೂರು ತಿಂಗಳೊಳಗೆ ಮುರಿದ ಜೋಡಿಗಳ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿಯಿತು. ಆದ್ದರಿಂದ ಹನ್ನೆರಡು ತಿಂಗಳ ಖಾತ್ರಿ ಕೊಡಲಾಗದವರನ್ನು ಒಬ್ಬ ಮಗುವಿಗೆ ಜೋಡಿಸಬೇಡಿ, ಗುಂಪಿನ ಕೆಲಸಕ್ಕೆ ಬಳಸಿಕೊಳ್ಳಿ. ಅನಿವಾರ್ಯವಾಗಿ ಹೋಗಬೇಕಾದರೆ ಮೂರು ಭೇಟಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಹೋಗುವವರೇ ಕಾರಣ ಹೇಳಬೇಕು, ಎರಡನೆಯದಕ್ಕೆ ಹೊಸಬರು ಬಂದು ಜೊತೆಗೆ ಕೂರಬೇಕು, ಮೂರನೆಯದರಲ್ಲಿ ಹಾಜರಿ ಹಾಳೆ ಮತ್ತು ಬಾಕಿ ಕೆಲಸದ ಪಟ್ಟಿಯನ್ನು ಮಗುವಿನ ಎದುರೇ ಹಸ್ತಾಂತರಿಸಬೇಕು. ‘ಆಗಾಗ ಬಂದು ನೋಡ್ತೀನಿ’ ಎಂದು ಮಾತ್ರ ಹೇಳಬಾರದು, ತಾರೀಕು ಬರೆದುಕೊಡಲು ಆಗುವುದಾದರೆ ಮಾತು ಬೇರೆ.